ಶೈಕ್ಷಣಿಕ ಮನೋವಿಜ್ಞಾನ, ಮಾನವ ವಿಕಾಸ ಓದಬೇಕು ಅನ್ನುವವರಿಗೆ: ಅರ್ಜಿಗೆ ಮುಂಚಿನಿಂದ ಪ್ರಬಂಧದವರೆಗೆ

"ಮಕ್ಕಳ ಸೈಕಾಲಜಿ ಓದಬೇಕು ಅಂತಿದ್ದೀನಿ, ಎಲ್ಲಿ ಸೇರಲಿ?" ಪದವಿ ಪರೀಕ್ಷೆ ಮುಗಿಯುವ ಹೊತ್ತಿಗೆ ಈ ಪ್ರಶ್ನೆ ನನಗೆ ವಾರಕ್ಕೊಂದಾದರೂ ಬರುತ್ತದೆ. ಕೇಳುವವರಲ್ಲಿ ಈಗಷ್ಟೇ ಬಿಎ ಮುಗಿಸಿದವರಿದ್ದಾರೆ, ಬಿಎಡ್ ಮಾಡಿ ನಾಲ್ಕು ವರ್ಷ ಪಾಠ ಹೇಳಿ ದಣಿದವರಿದ್ದಾರೆ, ಸಾಫ್ಟ್‌ವೇರ್ ಬಿಟ್ಟು ಬರ್ತೀನಿ ಅನ್ನುವವರೂ ಇದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಿ ಸಾಕಾಯಿತು. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ನನ್ನ ಯಡವಟ್ಟಿನಿಂದಲೇ ಶುರು ಮಾಡುತ್ತೇನೆ. ಪ್ರೌಢಶಾಲೆಯಲ್ಲಿ ಗಣಿತ ಹೇಳುತ್ತಿದ್ದಾಗ, ಲೆಕ್ಕ ಅಂದರೆ ಬೆವರುವ ಮಕ್ಕಳನ್ನು ನೋಡಿ ನೋಡಿ, ಇದರ ಹಿಂದೆ ಏನಿದೆ ಅಂತ ತಿಳಿಯುವ ಹುಚ್ಚು ಹತ್ತಿತು. ಹಿಂದೆ ಮುಂದೆ ನೋಡದೆ ಆರು ತಿಂಗಳ 'ಮಕ್ಕಳ ಮನೋವಿಜ್ಞಾನ ಮತ್ತು ಕೌನ್ಸೆಲಿಂಗ್' ಡಿಪ್ಲೊಮಾ ಒಂದಕ್ಕೆ ದುಡ್ಡು ಕಟ್ಟಿದೆ. ಭಾನುವಾರ ಬೆಳಿಗ್ಗೆ ಸ್ಲೈಡ್ ಹಾಕಿ ಓದಿ ಹೇಳುತ್ತಿದ್ದರು. ಆರು ತಿಂಗಳಲ್ಲಿ ನಾವು ಒಂದೇ ಒಂದು ಮಗುವಿನ ಜೊತೆ ಕೂರಲಿಲ್ಲ. ಸರ್ಟಿಫಿಕೇಟ್ ಮಾತ್ರ ಲ್ಯಾಮಿನೇಟ್ ಮಾಡಿಸಿಯೇ ಕೊಟ್ಟರು! ಅದನ್ನು ಹಿಡಿದುಕೊಂಡು ಸಂದರ್ಶನಕ್ಕೆ ಹೋದರೆ ಎದುರಿಗಿದ್ದ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಗಂಟೆ ಪ್ರಾಕ್ಟಿಕಮ್ ಮಾಡಿದ್ದೀರಿ? ಯಾರ ಕೈಕೆಳಗೆ?" ಪ್ರಾಕ್ಟಿಕಮ್ ಅಂದರೆ ಅನುಭವ ಇದ್ದವರ ಕೈಕೆಳಗೆ ಮಕ್ಕಳ ಜೊತೆ ಕೂತು ಮಾಡುವ ಕೆಲಸ. ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ವರ್ಷ, ಒಂದಿಷ್ಟು ದುಡ್ಡು ಹೋದ ಮೇಲೆ ನನಗೆ ಅರ್ಥವಾದದ್ದು ಇಷ್ಟು. ಕೋರ್ಸಿನ ಹೆಸರು ನೋಡಿ ಮರುಳಾಗಬೇಡಿ. ಆ ಕೋರ್ಸು ಎರಡು ವರ್ಷ ನಿಮ್ಮನ್ನು ಎಲ್ಲಿ ಕೂರಿಸುತ್ತದೆ, ಯಾರ ಎದುರು ಕೂರಿಸುತ್ತದೆ ಅಂತ ನೋಡಿ.

1. ಮೊದಲು ಹೆಸರುಗಳ ಗೋಜಲು ಬಿಡಿಸಿಕೊಳ್ಳಿ

ಶೈಕ್ಷಣಿಕ ಮನೋವಿಜ್ಞಾನದ ಮುಖ್ಯ ಪ್ರಶ್ನೆ ಕಲಿಕೆ. ಮನುಷ್ಯ ಹೇಗೆ ಕಲಿಯುತ್ತಾನೆ, ಯಾಕೆ ಮರೆಯುತ್ತಾನೆ, ಯಾವಾಗ ಕಲಿಯುವ ಆಸೆ ಹುಟ್ಟುತ್ತದೆ, ಕಲಿತದ್ದನ್ನು ಅಳೆಯುವುದು ಹೇಗೆ? ಪರೀಕ್ಷೆಗಳನ್ನು ಕಟ್ಟುವುದು, ಅಳತೆ, ಸಂಖ್ಯಾಶಾಸ್ತ್ರ ಎಲ್ಲ ಇದರೊಳಗೇ ಬರುತ್ತವೆ. ಮಾನವ ವಿಕಾಸ ಅಂದರೆ ಹುಟ್ಟಿನಿಂದ ಮುಪ್ಪಿನವರೆಗೆ ಮನುಷ್ಯ ಬೆಳೆಯುವ ಬಗೆ. ಅಲ್ಲಿ ಶಾಲೆ ಒಂದು ಭಾಗ ಅಷ್ಟೇ. ತಾಯಿ, ಅಜ್ಜಿ, ಅಂಗನವಾಡಿ, ಪೌಷ್ಟಿಕತೆ, ಹದಿಹರೆಯ, ಮದುವೆ, ವೃದ್ಧಾಪ್ಯ ಎಲ್ಲ ಸೇರುತ್ತದೆ. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಲ್ಲಿ ಎರಡೂ ಒಂದೇ ಸೂರಿನಡಿ ಇವೆ. ನಮ್ಮಲ್ಲಿ ಹಾಗಲ್ಲ. ಶೈಕ್ಷಣಿಕ ಮನೋವಿಜ್ಞಾನ ಶಿಕ್ಷಣ ವಿಭಾಗದಲ್ಲೋ ಮನೋವಿಜ್ಞಾನ ವಿಭಾಗದಲ್ಲೋ ಒಂದೆರಡು ಪತ್ರಿಕೆಗಳಾಗಿ ಸಿಗುತ್ತದೆ. ಮಾನವ ವಿಕಾಸ ಗೃಹ ವಿಜ್ಞಾನ ಕಾಲೇಜುಗಳಲ್ಲಿದೆ, ಈಗ ಕೆಲವು ಕಡೆ ಅವಕ್ಕೆ ಸಮುದಾಯ ವಿಜ್ಞಾನ ಅಂತ ಹೆಸರು.

ಗೃಹ ವಿಜ್ಞಾನ ಅಂದ ಕೂಡಲೇ "ಅಡುಗೆ ಕಲಿಸ್ತಾರಾ?" ಅಂತ ನಗುವ ಮಾವಂದಿರು ಪ್ರತಿ ಮನೆಯಲ್ಲೂ ಇದ್ದಾರೆ. ನಗಲಿ ಬಿಡಿ. ಮಕ್ಕಳ ಬೆಳವಣಿಗೆಯನ್ನು ಮಕ್ಕಳ ನಡುವೆಯೇ ಕೂತು ಕಲಿಸುವ ಪದ್ಧತಿಯನ್ನು ಬಹಳ ಕಾಲ ಕಾಪಾಡಿಕೊಂಡು ಬಂದದ್ದು ಇದೇ ಕಾಲೇಜುಗಳು. ಇನ್ನೊಂದು ಗೊಂದಲವೂ ಇದೆ. ಕನ್ನಡದಲ್ಲಿ 'ಮಾನವ ಅಭಿವೃದ್ಧಿ' ಅಂತ ಹುಡುಕಿದರೆ ಮಾನವ ಅಭಿವೃದ್ಧಿ ಸೂಚ್ಯಂಕ, ತಲಾ ಆದಾಯ, ಜೀವಿತಾವಧಿ ಇವೇ ಬಂದು ಬೀಳುತ್ತವೆ. ಅದು ಅರ್ಥಶಾಸ್ತ್ರದವರ ಮಾತು, ನಮ್ಮದಲ್ಲ. ಹುಡುಕುವಾಗ 'ಮಾನವ ವಿಕಾಸ ಮತ್ತು ಕುಟುಂಬ ಅಧ್ಯಯನ' ಅಂತ ಹಾಕಿ.

ಕಾಯಿಲೆ, ಖಿನ್ನತೆ, ಚಿಕಿತ್ಸೆ ಇವುಗಳ ಕಡೆ ನಿಮ್ಮ ಮನಸ್ಸು ಎಳೆಯುತ್ತಿದ್ದರೆ ನೀವು ಹುಡುಕುತ್ತಿರುವುದು ಕ್ಲಿನಿಕಲ್ ಸೈಕಾಲಜಿ. ಅದು ಬೇರೆ ದಾರಿ.

2. ಅರ್ಜಿಗೆ ಮುಂಚೆ: ಎರಡು ಲೋಟ ಪಾನಕ

ಇದನ್ನು ಯಾವ ಪ್ರಾಸ್ಪೆಕ್ಟಸ್ಸಿನಲ್ಲೂ ಬರೆದಿರುವುದಿಲ್ಲ. ಆದರೆ ನಾನು ಎಲ್ಲರಿಗೂ ಹೇಳುತ್ತೇನೆ. ಪಕ್ಕದ ಮನೆಯ ನಾಲ್ಕೈದು ವರ್ಷದ ಮಗುವನ್ನು ಅದರ ಅಮ್ಮನನ್ನು ಕೇಳಿಯೇ ಕರೆದುಕೊಂಡು ಬನ್ನಿ. ಒಂದೇ ಅಳತೆಯ ಎರಡು ಲೋಟದಲ್ಲಿ ಸಮ ಸಮ ಪಾನಕ ಹಾಕಿ. "ಎರಡರಲ್ಲೂ ಒಂದೇ ಸಮ ಇದೆಯಾ?" ಅಂತ ಕೇಳಿ. ಹೌದು ಅಂದ ಮೇಲೆ ಒಂದು ಲೋಟದ್ದನ್ನು ಮಗುವಿನ ಕಣ್ಣೆದುರೇ ಉದ್ದನೆಯ ತೆಳ್ಳಗಿನ ಗ್ಲಾಸಿಗೆ ಸುರಿಯಿರಿ. ಈಗ ಮತ್ತೆ ಕೇಳಿ: "ಈಗ?" ಆ ವಯಸ್ಸಿನ ಹೆಚ್ಚಿನ ಮಕ್ಕಳು ಉದ್ದ ಗ್ಲಾಸಿನ ಕಡೆ ಕೈ ತೋರಿಸಿ "ಇದರಲ್ಲಿ ಜಾಸ್ತಿ" ಅನ್ನುತ್ತಾರೆ. ಇದು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಪಿಯಾಜೆ ಮಾಡಿ ತೋರಿಸಿದ ಪ್ರಯೋಗ. ಬಿಎಡ್ ಮಾಡಿದವರಿಗೆಲ್ಲ ಬಾಯಿಪಾಠ.

ನಿಜವಾದ ವಿಷಯ ಶುರುವಾಗುವುದು ಇದಾದ ಮೇಲೆ. ಪಿಯಾಜೆ ಆದ ಮೇಲೆ ಬಂದ ಸಂಶೋಧಕರು ಒಂದು ಅನುಮಾನ ಎತ್ತಿದರು. ದೊಡ್ಡವರು ಅದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದರೆ ಮಗು ಏನು ತಿಳಿಯುತ್ತದೆ? "ಮೊದಲು ಹೇಳಿದ್ದು ತಪ್ಪಾಯ್ತೇನೋ, ಬೇರೆ ಉತ್ತರ ಹೇಳಬೇಕೇನೋ" ಅಂದುಕೊಳ್ಳುವುದಿಲ್ಲವಾ? ನಮ್ಮ ತರಗತಿಗಳಲ್ಲಿ ನಡೆಯುವುದೂ ಅದೇ ಅಲ್ವಾ, ಟೀಚರ್ ಎರಡನೇ ಸಲ ಕೇಳಿದರು ಅಂದರೆ ಉತ್ತರ ತಪ್ಪು ಅಂತಲೇ ಲೆಕ್ಕ. ಪ್ರಶ್ನೆಯನ್ನು ಒಂದೇ ಸಲ, ಸುರಿದ ಮೇಲೆ ಮಾತ್ರ ಕೇಳಿದಾಗ ಸರಿ ಹೇಳುವ ಮಕ್ಕಳು ಜಾಸ್ತಿಯಾದರು. ಹಾಗಾದರೆ ಕೊರತೆ ಮಗುವಿನದಾ, ಪ್ರಶ್ನೆಯದಾ?

ಪ್ರಯೋಗ ಮುಗಿದಾಗ ನಿಮ್ಮ ತಲೆ ಯಾವ ಕಡೆ ಓಡಿತು ನೋಡಿಕೊಳ್ಳಿ. "ಅಯ್ಯೋ ಪಾಪ, ಎಷ್ಟು ಮುದ್ದು" ಅಂತ ಅಲ್ಲಿಗೇ ನಿಂತಿತಾ? ಅಥವಾ "ಅಗಲದ ಬಟ್ಟಲಿಗೆ ಸುರಿದಿದ್ದರೆ ಏನನ್ನುತ್ತಿತ್ತು, ಪಾನಕದ ಬದಲು ಅಕ್ಕಿ ಹಾಕಿದ್ದರೆ, ನಾನಲ್ಲದೆ ಅದರ ಅಣ್ಣ ಕೇಳಿದ್ದರೆ?" ಅಂತ ಓಡಿತಾ? ಎರಡನೆಯದಾದರೆ ಮುಂದಿನ ಹೆಜ್ಜೆಗೆ ಬನ್ನಿ. ಮೊದಲನೆಯದಾದರೂ ತಪ್ಪಿಲ್ಲ, ಮಕ್ಕಳ ಜೊತೆ ಇರುವ ಕೆಲಸ ಬೇಕಾದಷ್ಟಿವೆ. ಅದಕ್ಕೆ ಎರಡು ವರ್ಷ ಸಂಖ್ಯಾಶಾಸ್ತ್ರ ಓದುವ ಕಷ್ಟ ಬೇಡ.

ಎರಡನೇ ಕಸರತ್ತು: ಅನುಮತಿ ತೆಗೆದುಕೊಂಡು ಒಂದು ಅಂಗನವಾಡಿಯಲ್ಲಿ 20 ನಿಮಿಷ ಮೂಲೆಯಲ್ಲಿ ಕೂತು, ಒಂದೇ ಮಗುವನ್ನು ನೋಡಿ, ಕಂಡದ್ದನ್ನು ಮಾತ್ರ ಬರೆಯಿರಿ. ಕೇಳಲು ಸುಲಭ. ನಾನು ಮೊದಲ ಸಲ ಬರೆದಾಗ ಮೂರನೇ ಸಾಲಿನಲ್ಲೇ "ಹುಡುಗ ಹಠಮಾರಿ" ಅಂತ ಬರೆದಿದ್ದೆ. ಎಂಎಯಲ್ಲಿ ನಮಗೆ ಪಾಠ ಹೇಳುತ್ತಿದ್ದ ಮೇಡಂ ಅದರ ಕೆಳಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ "ಇದನ್ನು ಎಲ್ಲಿ ನೋಡಿದೆ?" ಅಂತ ಬರೆದು ವಾಪಸ್ ಕೊಟ್ಟರು. ನಾನು ನೋಡಿದ್ದೇನು? 10 ಗಂಟೆ 42 ನಿಮಿಷಕ್ಕೆ ಹುಡುಗ ನೀಲಿ ಬ್ಲಾಕ್ ತೆಗೆದುಕೊಂಡ. ಪಕ್ಕದ ಹುಡುಗಿ ಕೈ ಚಾಚಿದಳು. ಬ್ಲಾಕನ್ನು ಎದೆಗೆ ಒತ್ತಿಕೊಂಡ. ಸಹಾಯಕಿ "ಕೊಡು" ಅಂದರು. ತಲೆ ಅಲ್ಲಾಡಿಸಿದ. ಎರಡು ನಿಮಿಷ ಆದ ಮೇಲೆ ತಾನಾಗಿಯೇ ಹುಡುಗಿಯ ಮುಂದೆ ಬ್ಲಾಕ್ ಇಟ್ಟು ಎದ್ದು ಹೋದ. ಇದರಲ್ಲಿ ಹಠ ಎಲ್ಲಿದೆ? ಅದು ನನ್ನ ತಲೆಯಲ್ಲಿತ್ತು. ಇಡೀ ಮೊದಲ ಸೆಮಿಸ್ಟರ್ ನಾವು ಕಲಿತದ್ದು ಈ ಒಂದು ಕೆಂಪು ಗೆರೆಯನ್ನೇ ಅಂದರೂ ತಪ್ಪಿಲ್ಲ.

3. ಎಲ್ಲಿ ಓದಬಹುದು

ಕರ್ನಾಟಕದಲ್ಲೇ ನೋಡುವುದಾದರೆ, ಮಾನವ ವಿಕಾಸಕ್ಕೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಕಾಲೇಜು. ಹಿಂದೆ ಗ್ರಾಮೀಣ ಗೃಹ ವಿಜ್ಞಾನ ಕಾಲೇಜು ಅಂತ ಇದ್ದದ್ದು. ಮಾನವ ವಿಕಾಸ ಮತ್ತು ಕುಟುಂಬ ಅಧ್ಯಯನದಲ್ಲಿ ಎಂಎಸ್ಸಿ, ಪಿಎಚ್‌ಡಿ ಎರಡೂ ಇವೆ. ಕೃಷಿ ವಿಶ್ವವಿದ್ಯಾಲಯ ಆದ್ದರಿಂದ ಸುತ್ತಲಿನ ಹಳ್ಳಿಗಳ ಕೆಲಸ ತಪ್ಪಿದ್ದಲ್ಲ, ನನ್ನ ಲೆಕ್ಕದಲ್ಲಿ ಅದು ದೊಡ್ಡ ಲಾಭ. ಆದರೆ ಇಂಥ ಕಡೆ ಪ್ರವೇಶಕ್ಕೆ ಅದೇ ಬಗೆಯ ಪದವಿ ಕೇಳುವುದು ರೂಢಿ, ಬಿಎ ಮಾಡಿದವರು ಅರ್ಹತೆಯ ಸಾಲನ್ನು ಎರಡು ಸಲ ಓದಿ.

ಮೈಸೂರು ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗ ಶುರುವಾದದ್ದು 1924ರಲ್ಲಿ. ದೇಶದ ಮೊದಮೊದಲ ಮನೋವಿಜ್ಞಾನ ವಿಭಾಗಗಳಲ್ಲಿ ಅದೂ ಒಂದು. ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ, ಲಂಡನ್ನಿನಲ್ಲಿ ಬುದ್ಧಿಶಕ್ತಿಯ ಅಳತೆಗೆ ಹೆಸರಾದ ಮನೋವಿಜ್ಞಾನಿ ಸ್ಪಿಯರ್‌ಮನ್ ಹತ್ತಿರ ಓದಿ ಬಂದವರು. ಇದೇ ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮೈಸೂರಿನ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದರು, 'ಆಕಾಶವಾಣಿ' ಅನ್ನುವ ಹೆಸರು ಬಂದದ್ದು ಆ ನಿಲಯದಿಂದ. ವಿಷಯಕ್ಕೆ ಸಂಬಂಧ ಇಲ್ಲ, ಆದರೂ ಹೇಳದೆ ಇರಲಾಗಲಿಲ್ಲ. ಬೆಂಗಳೂರು ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಗಳಲ್ಲೂ ಮನೋವಿಜ್ಞಾನದ ಸ್ನಾತಕೋತ್ತರ ಕೋರ್ಸುಗಳಿವೆ. ಪದವಿಯಲ್ಲಿ ಮನೋವಿಜ್ಞಾನ ಒಂದು ವಿಷಯವಾಗಿ ಓದಿದ್ದರೆ ಈ ಬಾಗಿಲು ಸಲೀಸಾಗಿ ತೆರೆಯುತ್ತದೆ.

ಬಿಎಡ್ ಆದವರಿಗೆ ಎಂಎಡ್ ಇದೆ, ಎರಡು ವರ್ಷ. ಕಲಿಕೆ ಮತ್ತು ವಿಕಾಸದ ಮನೋವಿಜ್ಞಾನ ಅದರಲ್ಲಿ ಬಂದೇ ಬರುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಎನ್‌ಸಿಇಆರ್‌ಟಿಯದು (ಶಾಲಾ ಶಿಕ್ಷಣಕ್ಕಾಗಿ ಇರುವ ಕೇಂದ್ರದ ಸಂಸ್ಥೆ), ದಕ್ಷಿಣದ ರಾಜ್ಯಗಳಿಗಾಗಿ ಇರುವಂಥದ್ದು. ಎನ್‌ಸಿಇಆರ್‌ಟಿ ಒಂದು ವರ್ಷದ ಮಾರ್ಗದರ್ಶನ ಮತ್ತು ಆಪ್ತಸಮಾಲೋಚನೆ ಡಿಪ್ಲೊಮಾವನ್ನೂ ನಡೆಸುತ್ತದೆ. ಅದರಲ್ಲಿ ಆರು ತಿಂಗಳು ದೂರಶಿಕ್ಷಣ, ಮೂರು ತಿಂಗಳು ಎದುರಾಬದುರು ತರಗತಿ, ಮೂರು ತಿಂಗಳು ಶಾಲೆಯಲ್ಲಿ ಇಂಟರ್ನ್‌ಶಿಪ್. ನಾನು ದುಡ್ಡು ಕಳೆದುಕೊಂಡ ಡಿಪ್ಲೊಮಾಕ್ಕೂ ಇದಕ್ಕೂ ಹೆಸರಿನಲ್ಲಿ ಅಂಥ ವ್ಯತ್ಯಾಸ ಏನಿಲ್ಲ. ಆ ಕೊನೆಯ ಮೂರು ತಿಂಗಳು ನೋಡಿ, ಅಲ್ಲಿದೆ ವ್ಯತ್ಯಾಸ.

ಯಾವುದೇ ಪದವಿ ಮಾಡಿದವರಿಗೆ, ಎಂಜಿನಿಯರುಗಳಿಗೂ ಸೇರಿ, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಎಂಎ ಶಿಕ್ಷಣ ತೆರೆದಿದೆ. ಪ್ರವೇಶ ಪರೀಕ್ಷೆ, ಸಂದರ್ಶನ ಇರುತ್ತವೆ. ಮನೆಯ ಆದಾಯ ನೋಡಿ ಶುಲ್ಕ ವಿನಾಯಿತಿ ಕೊಡುತ್ತಾರೆ. ರಾಜ್ಯ ದಾಟುವುದಾದರೆ ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದ ಮಾನವ ವಿಕಾಸ ವಿಭಾಗ, ದೆಹಲಿಯ ಲೇಡಿ ಇರ್ವಿನ್ ಕಾಲೇಜು. ಬರೋಡಾದ ವಿಭಾಗಕ್ಕೆ ತನ್ನದೇ ಬಾಲವಾಡಿ ಇದೆ. ಪಾಠ ಕೇಳಿ ಎದ್ದು ಹೋದರೆ ಮಕ್ಕಳು ಅಲ್ಲೇ ಆಡುತ್ತಿರುತ್ತಾರೆ!

4. ಸಿಲಬಸ್ ಇಟ್ಟುಕೊಂಡು ಫೋನ್ ಮಾಡಿ

ಜಾಲತಾಣದ ಮುಖಪುಟ ನೋಡಬೇಡಿ, ಅಲ್ಲಿ ಎಲ್ಲರೂ ಚೆಂದವಾಗಿಯೇ ಕಾಣುತ್ತಾರೆ. ಸಿಲಬಸ್ ಪಿಡಿಎಫ್ ಇಳಿಸಿಕೊಂಡು ಪೆನ್ಸಿಲ್ ಹಿಡಿದು ಕೂರಿ. ಪ್ರಾಕ್ಟಿಕಮ್, ಕ್ಷೇತ್ರಕಾರ್ಯ, ಇಂಟರ್ನ್‌ಶಿಪ್, ಸಂಶೋಧನಾ ಪ್ರಬಂಧ ಇವುಗಳಿಗೆ ಎಷ್ಟು ಕ್ರೆಡಿಟ್ ಅಂತ ಗುರುತು ಹಾಕಿ, ಕೂಡಿಸಿ. ಒಟ್ಟು ಕ್ರೆಡಿಟ್ಟಿನ ಕಾಲು ಭಾಗವೂ ಇಲ್ಲದಿದ್ದರೆ ನನಗಂತೂ ಅನುಮಾನ ಬರುತ್ತದೆ.

ಆಮೇಲೆ ಹೋದ ವರ್ಷ ಮುಗಿಸಿದ ಇಬ್ಬರನ್ನಾದರೂ ಹುಡುಕಿ ಮಾತಾಡಿ. ವಿಭಾಗಕ್ಕೆ ಫೋನ್ ಮಾಡಿ "ಸರ್, ಹಳೇ ವಿದ್ಯಾರ್ಥಿಗಳು ಯಾರಾದರೂ ಇದ್ದರೆ ಮಾತಾಡಬಹುದಾ?" ಅಂತ ಕೇಳಿದರೆ ಸಾಮಾನ್ಯವಾಗಿ ಯಾರೂ ಇಲ್ಲ ಅನ್ನುವುದಿಲ್ಲ. ಸಿಕ್ಕವರಿಗೆ "ಕೋರ್ಸ್ ಹೇಗಿದೆ?" ಅಂತ ಕೇಳಬೇಡಿ, "ಚೆನ್ನಾಗಿದೆ" ಅಂತ ಬರುತ್ತದೆ, ಮುಗಿಯಿತು. ಹೀಗೆ ಕೇಳಿ: ಕ್ಷೇತ್ರಕಾರ್ಯಕ್ಕೆ ಎಲ್ಲಿಗೆ ಕಳಿಸಿದರು, ನೀವೇ ಜಾಗ ಹುಡುಕಿಕೊಳ್ಳಬೇಕಿತ್ತಾ? ನಿಮ್ಮ ವರದಿಯನ್ನು ಯಾರಾದರೂ ಕೂತು ಓದಿ ತಿದ್ದಿದರಾ ಅಥವಾ ಸಹಿ ಹಾಕಿ ಕಳಿಸಿದರಾ? ಪರೀಕ್ಷಾ ಸಾಮಗ್ರಿ ಇರುವ ಬೀರುವಿನ ಬೀಗ ವರ್ಷಕ್ಕೆ ಎಷ್ಟು ಸಲ ತೆಗೆಯುತ್ತಾರೆ? ಈ ಬೀಗದ ಪ್ರಶ್ನೆ ತಮಾಷೆ ಅಲ್ಲ. ಬುದ್ಧಿಶಕ್ತಿ ಪರೀಕ್ಷೆಯ ಕಿಟ್‌ಗಳು ದುಬಾರಿ, ಕಳೆದುಹೋಗುತ್ತವೆ ಅನ್ನುವ ಹೆದರಿಕೆಗೆ ವಿದ್ಯಾರ್ಥಿಗಳ ಕೈಗೇ ಕೊಡದ ಕಡೆಗಳಿವೆ.

ದೂರಶಿಕ್ಷಣದ ಬಗ್ಗೆ ಒಂದು ಎಚ್ಚರಿಕೆ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮನೋವಿಜ್ಞಾನವನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕೊಡಬಾರದು ಅಂತ ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ನೋಡುವ ಯುಜಿಸಿ ಹೇಳಿದೆ. ಆರೋಗ್ಯ ಸಂಬಂಧಿ ವೃತ್ತಿಗಳ 2021ರ ಕಾಯ್ದೆಯ ಅಡಿಗೆ ಬರುವ ವಿಷಯಗಳಿಗೆಲ್ಲ ಈ ನಿಯಮ. ಹಾಗಾಗಿ "ಮನೆಯಲ್ಲೇ ಕೂತು ಎಂಎ ಸೈಕಾಲಜಿ" ಅನ್ನುವ ಜಾಹೀರಾತು ಕಂಡರೆ ದುಡ್ಡು ಕಟ್ಟುವ ಮೊದಲು ಯುಜಿಸಿಯ ಮಾನ್ಯತೆ ಪಟ್ಟಿ ತೆಗೆದು ನೋಡಿ.

5. ಬೋರ್ಡಿನ ಮೇಲೆ ಏನಂತ ಬರೆಸಬಹುದು?

ಎಂಎ ಶಿಕ್ಷಣ, ಎಂಎಡ್, ಮಾನವ ವಿಕಾಸದ ಎಂಎಸ್ಸಿ, ಬರೀ ಮನೋವಿಜ್ಞಾನದ ಎಂಎಸ್ಸಿ, ಇವುಗಳಲ್ಲಿ ಯಾವುದು ಮುಗಿಸಿದರೂ ನೀವು ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ತರಬೇತಿ, ಅದರ ನೋಂದಣಿ ಬೇಕು. ಕಾನೂನು 1992ರದ್ದು. ನಿಮ್ಹಾನ್ಸ್‌ನಂಥ ಕಡೆ ಸೀಟು ಸಿಗುವುದು ಎಷ್ಟು ಕಷ್ಟ ಅಂತ ಬೇರೆ ಹೇಳಬೇಕಾಗಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ (ಓದು, ಬರಹ ಅಥವಾ ಲೆಕ್ಕದಲ್ಲಿ ಬರುವ ತೊಡಕು) ಇದೆ. ಶಾಲೆಯಲ್ಲಿ ಅಂಥ ಮಗುವನ್ನು ಮೊದಲು ಗುರುತಿಸುವವರು ನೀವೇ ಆಗಿರಬಹುದು. ಆದರೆ ಸರ್ಟಿಫಿಕೇಟ್ ಕೊಡುವ ಅಧಿಕಾರ ನಿಮ್ಮ ಪದವಿಯಿಂದ ಬರುವುದಿಲ್ಲ. ಪೋಷಕರಿಗೆ ಇದನ್ನು ಮೊದಲ ದಿನವೇ ಹೇಳಿಬಿಡಿ, ಇಲ್ಲದಿದ್ದರೆ ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ ಆ ಸರ್ಟಿಫಿಕೇಟಿಗಾಗಿ ನಿಮ್ಮ ಬಾಗಿಲಲ್ಲೇ ಬಂದು ನಿಲ್ಲುತ್ತಾರೆ.

ಹಾಗಾದರೆ ಆಗುವುದೇನು? ಶಾಲಾ ಆಪ್ತಸಮಾಲೋಚಕರು (ಕೇಂದ್ರೀಯ ವಿದ್ಯಾಲಯಗಳು ವರ್ಷ ವರ್ಷ ಗುತ್ತಿಗೆ ಮೇಲೆ ತೆಗೆದುಕೊಳ್ಳುತ್ತವೆ), ಪಠ್ಯ ಮತ್ತು ಮೌಲ್ಯಮಾಪನ ರೂಪಿಸುವವರು, ಸರ್ಕಾರೇತರ ಸಂಸ್ಥೆಗಳ ಶಿಕ್ಷಣ ಯೋಜನೆಗಳು, ಬಾಲ್ಯ ಶಿಕ್ಷಣದ ತರಬೇತುದಾರರು, ಕಾಲೇಜು ಅಧ್ಯಾಪಕರು, ಸಂಶೋಧನೆ. ಸರ್ಕಾರಿ ಹುದ್ದೆಯ ಆಸೆ ಇದ್ದರೆ ಕೋರ್ಸ್ ಸೇರುವ ಮೊದಲೇ ಆ ಹುದ್ದೆಯ ಹಳೆಯ ಅಧಿಸೂಚನೆ ತೆಗೆದು, ಯಾವ ಪದವಿಯ ಹೆಸರು ಬರೆದಿದ್ದಾರೆ ಅಂತ ಅಕ್ಷರ ಅಕ್ಷರ ಓದಿ. ಕೋರ್ಸಿನ ಹೆಸರಿಗೆ ಬೆಲೆ ಇರುವುದು ಅಲ್ಲೊಂದೇ ಕಡೆ.

ಕಾಲೇಜು ಅಧ್ಯಾಪಕರಾಗಲು ಬರೆಯುವ ನೆಟ್ ಪರೀಕ್ಷೆಯಲ್ಲೂ ಇದೇ ಪೇಚು. ಮನೋವಿಜ್ಞಾನ, ಶಿಕ್ಷಣ, ಗೃಹ ವಿಜ್ಞಾನ ಮೂರೂ ಬೇರೆ ಬೇರೆ ವಿಷಯಗಳು. ಮಾನವ ವಿಕಾಸ ಗೃಹ ವಿಜ್ಞಾನದ ಪತ್ರಿಕೆಯೊಳಗಿದೆ. ಅಲ್ಲಿ ಆಹಾರ, ಜವಳಿ, ಗೃಹ ನಿರ್ವಹಣೆ ಎಲ್ಲವನ್ನೂ ಓದಬೇಕು. ನನ್ನ ಸಹಪಾಠಿ ಒಬ್ಬಳು ಹತ್ತಿಯ ನೂಲಿನ ಎಣಿಕೆ ಬಾಯಿಪಾಠ ಮಾಡುತ್ತಾ "ಇದಕ್ಕೂ ಹದಿಹರೆಯಕ್ಕೂ ಏನೇ ಸಂಬಂಧ?" ಅಂತ ಗೋಳಾಡುತ್ತಿದ್ದಳು.

6. ಅರ್ಜಿ ಮತ್ತು ಆ ಒಂದು ಪುಟ

ಪ್ರವೇಶದ ಬಗೆ ಒಂದೊಂದು ಕಡೆ ಒಂದೊಂದು. ಕೆಲವು ಕಡೆ ಅಂಕ, ಕೆಲವು ಕಡೆ ಅವರದೇ ಪರೀಕ್ಷೆ, ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಪಿಜಿ ಅನ್ನುವ ದೇಶಮಟ್ಟದ ಪ್ರವೇಶ ಪರೀಕ್ಷೆ. ದಿನಾಂಕಗಳನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲೇ ಬರೆದಿಡಿ, ಮೊಬೈಲಿನಲ್ಲಿ ಇಟ್ಟದ್ದು ಮರೆತುಹೋಗುತ್ತದೆ. ಸಂದರ್ಶನ ಇರುವ ಕಡೆ ಸಾಮಾನ್ಯವಾಗಿ "ಯಾಕೆ ಈ ಕೋರ್ಸ್" ಅಂತ ಒಂದು ಪುಟ ಬರೆಸುತ್ತಾರೆ. ನಾನು ನೋಡಿದ ಹತ್ತರಲ್ಲಿ ಎಂಟು ಪುಟ "ಮಕ್ಕಳು ದೇವರ ಸಮಾನ, ಚಿಕ್ಕಂದಿನಿಂದ ನನಗೆ ಮಕ್ಕಳೆಂದರೆ ಪ್ರಾಣ" ಅಂತಲೇ ಶುರುವಾಗುತ್ತವೆ. ಓದುವವರು ಆ ದಿನ ಅಂಥದ್ದನ್ನು ನಲವತ್ತನೇ ಸಲ ಓದುತ್ತಿರುತ್ತಾರೆ. ಅದರ ಬದಲು ನೀವು ಕಣ್ಣಾರೆ ಕಂಡ ಒಂದು ಸಂಗತಿ ಬರೆಯಿರಿ. "ನನ್ನ ತರಗತಿಯ ಹುಡುಗನೊಬ್ಬ ಸಂತೆಯಲ್ಲಿ ಅಪ್ಪನ ತರಕಾರಿ ಅಂಗಡಿಯಲ್ಲಿ ಚಿಲ್ಲರೆ ಲೆಕ್ಕ ಒಂದೂ ತಪ್ಪುವುದಿಲ್ಲ, ಅದೇ ಲೆಕ್ಕ ಬೋರ್ಡಿನ ಮೇಲೆ ಬಂದರೆ ಕೈ ಕಟ್ಟಿ ನಿಲ್ಲುತ್ತಾನೆ" ಅಂತ ಬರೆದರೆ ಓದುವವರ ಕಣ್ಣು ಅಲ್ಲಿ ನಿಲ್ಲುತ್ತದೆ. ಅದರ ಬಗ್ಗೆ ಎರಡು ಪ್ರಶ್ನೆ ಎತ್ತಿ, ಈ ವಿಭಾಗದಲ್ಲಿ ಯಾರ ಕೆಲಸ ಅದಕ್ಕೆ ಹತ್ತಿರ ಅಂತ ಹೇಳಿ, ಸಾಕು. ಬ್ರೆಜಿಲ್‌ನ ಬೀದಿ ವ್ಯಾಪಾರಿ ಮಕ್ಕಳ ಗಣಿತದ ಮೇಲೆ ಇದೇ ಬಗೆಯ ಹೆಸರುವಾಸಿ ಅಧ್ಯಯನ ನಡೆದಿದೆ. ನಿಮ್ಮ ಸಂತೆಯ ಹುಡುಗ ಸಣ್ಣ ವಿಷಯ ಅಂತ ಸಂಕೋಚಪಡಬೇಡಿ.

ಪಿಎಚ್‌ಡಿಗೆ ಹೋಗುವವರು ಶೋಧಗಂಗಾ ಜಾಲತಾಣ ನೋಡಿ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಅಲ್ಲಿ ಪುಕ್ಕಟೆ ಸಿಗುತ್ತವೆ. ನಿಮ್ಮ ಗೈಡ್ ಆಗಬಹುದಾದವರ ಕೈಕೆಳಗೆ ಬಂದ ಮೂರು ಪ್ರಬಂಧ ತೆಗೆದು ಓದಿ. ಮೂರರಲ್ಲೂ ಅದೇ ಪ್ರಶ್ನಾವಳಿ, ಅದೇ ಕೋಷ್ಟಕ, ಊರಿನ ಹೆಸರು ಮಾತ್ರ ಬೇರೆ ಅಂತಾದರೆ ನಿಮ್ಮದು ನಾಲ್ಕನೆಯದಾಗುತ್ತದೆ. ಎಂಎ ಮತ್ತು ಪಿಎಚ್‌ಡಿ ನಡುವೆ ಇದ್ದ ಎಂಫಿಲ್ ಅನ್ನುವ ಮೆಟ್ಟಿಲನ್ನು 2022ರ ಯುಜಿಸಿ ನಿಯಮ ತೆಗೆದುಹಾಕಿದೆ, ಅದಕ್ಕಾಗಿ ಕಾಯಬೇಡಿ.

7. ದುಡ್ಡು

ರಾಜ್ಯದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್ ಇದೆ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಡಿ. ನೆಟ್‌ನಲ್ಲಿ ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಸಿಕ್ಕರೆ ಪಿಎಚ್‌ಡಿಯ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮನೆ ಬಾಡಿಗೆ ಭತ್ಯೆ ಬೇರೆ. ಎಂಎ ಓದುವಾಗ ಸಂಜೆ ಟ್ಯೂಷನ್ ಹೇಳಿ ಖರ್ಚು ತೂಗಿಸುವವರು ಬಹಳ ಜನ, ನಾನೂ ಅದೇ ಮಾಡಿದ್ದು. ಲಾಭ ಏನೆಂದರೆ ನೋಡಲು ಮಕ್ಕಳು ಮನೆಗೇ ಬರುತ್ತಾರೆ.

8. ಹೊರದೇಶದ ಆಸೆ ಇದ್ದರೆ

ಇಲ್ಲಿ ಹೆಸರಿನ ಮೋಸ ಇನ್ನೂ ಜಾಸ್ತಿ. ಬ್ರಿಟನ್ನಿನಲ್ಲಿ 'ಎಜುಕೇಶನಲ್ ಸೈಕಾಲಜಿಸ್ಟ್' ಅನ್ನುವುದು ಕಾನೂನಿನ ರಕ್ಷಣೆ ಇರುವ ಹುದ್ದೆಹೆಸರು. ಹಾಗೆ ಕರೆದುಕೊಳ್ಳಲು ಅಲ್ಲಿನ ನೋಂದಣಿ ಮಂಡಳಿ ಎಚ್‌ಸಿಪಿಸಿಯಲ್ಲಿ ಹೆಸರಿರಬೇಕು. ಇಂಗ್ಲೆಂಡಿನಲ್ಲಿ ಅದಕ್ಕೆ ದಾರಿ ಮೂರು ವರ್ಷದ ವೃತ್ತಿಪರ ಡಾಕ್ಟರೇಟ್. ಒಂದು ವರ್ಷದ 'ಸೈಕಾಲಜಿ ಆಫ್ ಎಜುಕೇಶನ್' ಸ್ನಾತಕೋತ್ತರ ಪದವಿ ಒಳ್ಳೆಯದೇ, ಆದರೆ ಅದರಿಂದ ಆ ಹುದ್ದೆ ಸಿಗುವುದಿಲ್ಲ. ಸಾಲ ಮಾಡಿ ಹೋಗಿ ಅಲ್ಲಿ ಇದು ಗೊತ್ತಾಗುವುದು ಬೇಡ.

ಅಮೆರಿಕದಲ್ಲಿ ಎಜುಕೇಶನಲ್ ಸೈಕಾಲಜಿ ಹೆಚ್ಚಾಗಿ ಸಂಶೋಧನೆಯ ದಾರಿ. ಶಾಲೆಯಲ್ಲಿ ಮಕ್ಕಳನ್ನು ಪರೀಕ್ಷಿಸಿ ಸಲಹೆ ಕೊಡುವ ಕೆಲಸಕ್ಕೆ ಅಲ್ಲಿ 'ಸ್ಕೂಲ್ ಸೈಕಾಲಜಿ' ಅಂತ ಬೇರೆಯೇ ಕೋರ್ಸಿದೆ. ಮಾಸ್ಟರ್ಸ್ ಮತ್ತು ಡಾಕ್ಟರೇಟ್ ನಡುವಿನ ಸ್ಪೆಷಲಿಸ್ಟ್ ಮಟ್ಟದಲ್ಲೇ 1,200 ಗಂಟೆಯ ಇಂಟರ್ನ್‌ಶಿಪ್, ಅದರಲ್ಲಿ 600 ಗಂಟೆಯಾದರೂ ಶಾಲೆಯಲ್ಲಿ ಆಗಿರಬೇಕು. ನನ್ನ ಸಂದರ್ಶನದಲ್ಲಿ ಆ ಮೇಡಂ "ಎಷ್ಟು ಗಂಟೆ?" ಅಂತ ಕೇಳಿದ ಪ್ರಶ್ನೆಗೆ ಅವರು ಹೇಗೆ ಉತ್ತರ ಇಟ್ಟುಕೊಂಡಿದ್ದಾರೆ ನೋಡಿ! ದುಡ್ಡಿನ ಲೆಕ್ಕದಲ್ಲಿ, ಒಳ್ಳೆಯ ಪಿಎಚ್‌ಡಿ ಕಾರ್ಯಕ್ರಮಗಳು ಬೋಧನೆ ಅಥವಾ ಸಂಶೋಧನಾ ಸಹಾಯಕರಾಗಿ ಕೆಲಸ ಕೊಟ್ಟು ಶುಲ್ಕ ಮನ್ನಾ ಮಾಡುತ್ತವೆ. ಮಾಸ್ಟರ್ಸ್‌ಗೆ ಸಾಮಾನ್ಯವಾಗಿ ಕೈಯಿಂದಲೇ ಕಟ್ಟಬೇಕು. ಪಿಎಚ್‌ಡಿ ಅರ್ಜಿಗಳ ಗಡುವು ಬಹಳ ಕಡೆ ಡಿಸೆಂಬರ್ ಸುತ್ತ ಇರುತ್ತದೆ, ಅಂದರೆ ಶಿಫಾರಸು ಪತ್ರಕ್ಕೆ ಮೇಷ್ಟರ ಮನೆ ಬಾಗಿಲು ತಟ್ಟಬೇಕಾದ್ದು ಗಣೇಶನ ಹಬ್ಬದ ಹೊತ್ತಿಗೆ.

9. ಸೇರಿದ ಮೇಲೆ: ಅಂಕಿ, ಕನ್ನಡ, ಅನುಮತಿ

ಸಂಖ್ಯಾಶಾಸ್ತ್ರಕ್ಕೆ ಹೆದರಿ ಓಡುವವರಿಗೆ ಒಂದೇ ಮಾತು. ಜಮೋವಿ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ, ಇಳಿಸಿಕೊಂಡು ರಜೆಯಲ್ಲೇ ಆಡಿ ನೋಡಿ. ಸರಾಸರಿ, ಹರವು, ಸಹಸಂಬಂಧ ಇಷ್ಟು ಕೈಗೆ ಬಂದರೆ ಮೊದಲ ಸೆಮಿಸ್ಟರ್ ಸಲೀಸು. ಸ್ವಂತ ಡೇಟಾ ತೆಗೆಯಲು ಆಗದವರು ಯಂಗ್ ಲೈವ್ಸ್ ಅಧ್ಯಯನದ ಡೇಟಾ ನೋಡಬಹುದು. ಇಥಿಯೋಪಿಯಾ, ಪೆರು, ವಿಯೆಟ್ನಾಂ ಮತ್ತು ನಮ್ಮ ಪಕ್ಕದ ಆಂಧ್ರ-ತೆಲಂಗಾಣದ ಸುಮಾರು 12,000 ಮಕ್ಕಳ ಬೆಳವಣಿಗೆಯನ್ನು 2002ರ ಹೊತ್ತಿನಿಂದ ಹಿಂಬಾಲಿಸಿರುವ ಅಧ್ಯಯನ ಅದು. ಸಂಶೋಧಕರು ನೋಂದಾಯಿಸಿಕೊಂಡು ಬಳಸಬಹುದು.

ಕನ್ನಡದಲ್ಲಿ ಪರೀಕ್ಷೆ ಮಾಡುವ ವಿಷಯಕ್ಕೆ ಬಂದರೆ ನಮಗೆ ಹಳೆಯ ಬೇರಿದೆ. 1930ರ ದಶಕದಲ್ಲೇ ವಿ.ವಿ. ಕಾಮತ್ ಅವರು ಫ್ರಾನ್ಸಿನ ಮನೋವಿಜ್ಞಾನಿ ಬಿನೆಯ ಬುದ್ಧಿಶಕ್ತಿ ಪರೀಕ್ಷೆಯನ್ನು ಧಾರವಾಡ ಭಾಗದ ಮಕ್ಕಳ ಮೇಲೆ ಪ್ರಯೋಗಿಸಿ ಕನ್ನಡ, ಮರಾಠಿಗೆ ಹೊಂದಿಸಿದರು. ಬಿನೆ-ಕಾಮತ್ ಪರೀಕ್ಷೆ ಅನ್ನುವ ಹೆಸರು ಈಗಲೂ ವರದಿಗಳಲ್ಲಿ ಕಾಣುತ್ತದೆ. ಅಷ್ಟು ಹಳೆಯ ಅಳತೆಗೋಲನ್ನು ಇವತ್ತಿನ ಮಕ್ಕಳಿಗೆ ಹಿಡಿಯುವುದು ಸರಿಯಾ ಅಂತ ಜಗಳ ಇದೆ, ಆ ಜಗಳ ಬೇಕಾದದ್ದೇ.

ನಾವು ಮಾಡುವ ತಪ್ಪು ಬೇರೆ. ಇಂಗ್ಲಿಷ್ ಪ್ರಶ್ನಾವಳಿಯನ್ನು ರಾತ್ರಿ ಕೂತು ಕನ್ನಡಕ್ಕೆ ಇಳಿಸಿ ಬೆಳಿಗ್ಗೆ ಶಾಲೆಗೆ ಒಯ್ಯುವುದು. ಪರೀಕ್ಷಾ ಭಯದ ಒಂದು ಪ್ರಶ್ನಾವಳಿಯಲ್ಲಿ "ಹೊಟ್ಟೆಯಲ್ಲಿ ಚಿಟ್ಟೆ ಹಾರಿದ ಹಾಗಾಗುತ್ತದೆ" ಅಂತ ನಾನೇ ಬರೆದುಕೊಂಡು ಹೋಗಿದ್ದೆ. ಏಳನೇ ಕ್ಲಾಸಿನ ಹುಡುಗಿ ಕೈ ಎತ್ತಿ, "ಟೀಚರ್, ಚಿಟ್ಟೆ ಹೊಟ್ಟೆಗೆ ಹೆಂಗ್ ಹೋತ್ರೀ?" ಅಂದಳು. ಇಡೀ ತರಗತಿ ನಕ್ಕಿತು, ಆ ದಿನದ ಡೇಟಾ ಹೋಯಿತು. ಆಮೇಲೆ ಅದೇ ಮಕ್ಕಳನ್ನು ಕೂರಿಸಿಕೊಂಡು "ಪರೀಕ್ಷೆ ದಿನ ಮೈಯಲ್ಲಿ ಏನಾಗುತ್ತದೆ?" ಅಂತ ಕೇಳಿದೆ. ಎದೆ ಡವಡವ ಅನ್ನುತ್ತದೆ, ಕೈ ತಣ್ಣಗಾಗುತ್ತದೆ, ಒಂದಕ್ಕೆ ಹೋಗಬೇಕು ಅನಿಸುತ್ತದೆ ಅಂದರು. ಪ್ರಶ್ನಾವಳಿ ತಾನಾಗಿಯೇ ತಯಾರಾಯಿತು. ಕನ್ನಡಕ್ಕೆ ತಂದದ್ದನ್ನು ಮೂಲ ನೋಡದ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ ಹೋಲಿಸಿ. ಹತ್ತಿಪ್ಪತ್ತು ಮಕ್ಕಳ ಮೇಲೆ ಮೊದಲು ಪ್ರಯೋಗಿಸಿ. ಬೀದರಿನ ಕನ್ನಡ, ಮಂಗಳೂರಿನ ಕನ್ನಡ ಒಂದೇ ಅಲ್ಲ ಅನ್ನುವುದನ್ನೂ ಮರೆಯಬೇಡಿ.

ಇನ್ನು ಅನುಮತಿ. ಪೋಷಕರ ಒಪ್ಪಿಗೆ ಸಹಿ ಬೇಕು, ಅದರ ಜೊತೆಗೆ ಮಗುವಿನ ಒಪ್ಪಿಗೆಯೂ ಬೇಕು. ಮಗು "ಬೇಡ" ಅಂದರೆ ಬೇಡ, ಹೆಡ್‌ಮಾಸ್ಟರ್ ಗದರಿಸಿ ಕೂರಿಸಿದರೂ ಆ ಹಾಳೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸರ್ಕಾರಿ ಶಾಲೆಗಳಿಗೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಿಂದ ಪತ್ರ ತರಬೇಕು. ವಿಭಾಗದ ಲೆಟರ್‌ಹೆಡ್‌ನಲ್ಲಿ ಮನವಿ, ಪ್ರಶ್ನಾವಳಿಯ ಒಂದು ಪ್ರತಿ ಒಯ್ಯಿರಿ. ಮೂರು ಸಲ ಓಡಾಡಲು ತಯಾರಿರಿ.

ಕ್ಯಾಲೆಂಡರ್ ಹೀಗೆ ಹಾಕಿಕೊಳ್ಳಿ. ಜೂನ್‌ನಲ್ಲಿ ದಾಖಲಾತಿ ಗಲಾಟೆ, ಯಾರೂ ಮಾತಿಗೆ ಸಿಗುವುದಿಲ್ಲ. ಜುಲೈಯಿಂದ ಸೆಪ್ಟೆಂಬರ್ ಒಳ್ಳೆಯ ಸಮಯ, ಆಗಸ್ಟ್ 15ರ ಹಿಂದಿನ ವಾರ ಬಿಟ್ಟು. ದಸರಾ ರಜೆ ಕಳೆದ ಮೇಲೆ ನವೆಂಬರ್ ಪರವಾಗಿಲ್ಲ. ಡಿಸೆಂಬರ್‌ನಲ್ಲಿ ಹೋದರೆ ಅರ್ಧ ತರಗತಿ ವಾರ್ಷಿಕೋತ್ಸವದ ಡ್ಯಾನ್ಸ್ ಪ್ರಾಕ್ಟೀಸಿಗೆ ಹೋಗಿರುತ್ತದೆ, ಉಳಿದರ್ಧಕ್ಕೆ ಕಿಟಕಿಯ ಕಡೆಯೇ ಗಮನ. ಫೆಬ್ರವರಿ ದಾಟಿದರೆ ಹತ್ತನೇ ತರಗತಿಯ ಹತ್ತಿರಕ್ಕೂ ಬಿಡುವುದಿಲ್ಲ. ಶನಿವಾರ ಅರ್ಧ ದಿನದ ಶಾಲೆ, ಆವತ್ತು ಹೋಗಲೇಬೇಡಿ. ಮತ್ತೆ, ಚೀಲದಲ್ಲಿ ಚೂಪು ಮಾಡಿದ ಪೆನ್ಸಿಲ್ ಮಕ್ಕಳ ಲೆಕ್ಕಕ್ಕಿಂತ ಹತ್ತು ಜಾಸ್ತಿ ಇಟ್ಟುಕೊಳ್ಳಿ, ವಾಪಸ್ ಬರುವುದಿಲ್ಲ.